ಸಾಧಾರಣ ಮಳೆಗೆ ಹನ್ನೆರಡು

ತುಕ್ಕಾನಟ್ಟಿ ಪಕ್ಕದ ಹಳ್ಳಿಯೊಂದರ ಶಾಲೆಗೆ ನಾನು ಹೆಡ್‌ಮಾಸ್ತರನಾಗಿದ್ದೆ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರು ಅಳೆದು, ರಜಿಸ್ಟರಿನಲ್ಲಿ ಬರೆದು, ತಾಲೂಕು ಕಚೇರಿಗೆ ಫೋನ್ ಮಾಡಬೇಕು. ನನ್ನ ಮನೆ ಗೋಕಾಕದಲ್ಲಿ. ಬಸ್ಸು ಹಳ್ಳಿ ಮುಟ್ಟುವುದು ಒಂಬತ್ತೂವರೆಗೆ. ಹಾಗಾಗಿ ಬಸ್ಸಿನಿಂದಲೇ ಬಿಸಿಯೂಟದ ಅಡುಗೆಯ ಅಕ್ಕನಿಗೆ ಫೋನ್ ಹಚ್ಚುತ್ತಿದ್ದೆ.

“ಅಕ್ಕಾರ, ರಾತ್ರಿ ಮಳಿ ಹೆಂಗ ಆತ್ರಿ?”

“ಸಾಧಾರಣರೀ ಸರ.”

ಸಾಧಾರಣ ಎಂದರೆ ಹನ್ನೆರಡು ಮಿಲಿಮೀಟರ್, ಜಿಟಿಜಿಟಿ ಎಂದರೆ ನಾಲ್ಕು, ಜೋರು ಎಂದರೆ ನಲವತ್ತು. ಈ ಕೋಷ್ಟಕ ನನ್ನದೇ ಆವಿಷ್ಕಾರ. ಅಕ್ಷರ ಮಾತ್ರ ಮುತ್ತಿನಂತಿದ್ದವು. ತನಿಖೆಗೆ ಬಂದ ಸಾಹೇಬರು ರಜಿಸ್ಟರ್ ಹೊಗಳಿ ಹೋಗಿದ್ದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಧಾರವಾಡದಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಹವಾಮಾನ ಒಮ್ಮೆಲೇ ಮಗ್ಗುಲು ಬದಲಿಸುವ ಮೊದಲು ಮಳೆಯ ಅಂಕಿಗಳು ಕುಡಿದವನಂತೆ ತೂರಾಡತೊಡಗುತ್ತವಂತೆ. ಆ ತೂರಾಟವನ್ನು ಹಳೆಯ ರಜಿಸ್ಟರುಗಳಲ್ಲಿ ಹುಡುಕುವುದು ಅವಳ ಕೆಲಸ. ನನ್ನ ಹತ್ತು ವರ್ಷದ ಬರಹ ನೋಡಿ ಬೆರಗಾದಳು.

“ಎಲ್ಲಾ ಕಡೆ ಮಳಿಗೆ ಹುಚ್ಚು ಹಿಡದೈತ್ರಿ ಸರ. ನಿಮ್ಮೂರಾಗಷ್ಟ ಶಿಸ್ತಿನಿಂದ ಬಂದೈತಿ. ಇಲ್ಲಿ ಅಪಾಯದ ಲಕ್ಷಣನ ಇಲ್ಲ.”

ಚಹಾ ತಂದಿದ್ದ ಅಕ್ಕನ ಮುಖ ಅರಳಿತು. “ಹಂಗಾರ ಹಳ್ಳದ ದಂಡಿಗೆ ಮನಿ ಪಾಯಾ ತಗಸ್ತೇನ್ರಿ ಬಾಯಾರ. ನಾನ ಸುಮ್ಮ ಅಂಜಿ ಕುಂತಿದ್ದೆ.”

ಚಹಾದ ಕಪ್ಪು ಕೆಳಗಿಟ್ಟೆ. ಆ ಪಾಯದ ಕೆಳಗೆ ಇರುವುದು ಕಲ್ಲಲ್ಲ, ನನ್ನ ಹನ್ನೆರಡು. ನಿಜಕ್ಕೂ ಹೆದರಿದೆ. ಮಾನ ಹೋದರೆ ಹೋಗಲಿ ಎಂದು ಬಸ್ಸು, ಫೋನು, ಕೋಷ್ಟಕ ಎಲ್ಲವನ್ನೂ ಹೇಳಿಬಿಟ್ಟೆ. ಆದರೂ ಜಾರಿಕೊಳ್ಳುವ ಚಟ ಬಿಡಲಿಲ್ಲ. “ಅಕ್ಕಾರು ಹೇಳಿದಂಗ ಬರದೇನ್ರಿ” ಎಂದು ಕೊನೆಗೊಂದು ಸೇರಿಸಿದೆ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಜೋರ ಆದಾಗೂ ಸಾಧಾರಣ ಅಂದೇನ್ರಿ ಸರ. ಜೋರ ಅಂದ್ರ ನೀವು ಸಾಲಿಗೆ ಸೂಟಿ ಕೊಟ್ಟು, ಹಾದ್ಯಾಗ ಇಳದು ಮನಿಗೆ ಹೋಗ್ತಿದ್ರಿ. ಹುಡುಗುರು ಉಪಾಸ ಇರ್ತಿದ್ವು.”

ಸಂಶೋಧಕಿ ನಮ್ಮಿಬ್ಬರನ್ನೂ ನೋಡಿ ಲ್ಯಾಪ್‌ಟಾಪ್ ಮುಚ್ಚಿದಳು. “ಖರೆ ಹೇಳ್ರಿ ಅಕ್ಕಾರ. ನೀವು ಪಾಯಾ ತಗಸೂ ಜಾಗಾಕ್ಕ ಈ ಮಳಿಗಾಲ ಹಳ್ಳದ ನೀರು ಎಷ್ಟ ಸಲ ಬಂದೈತಿ?”

ಅಕ್ಕ ಬೆರಳು ಮಡಚತೊಡಗಿದರು. ಒಂದು ಕೈ ಮುಗಿಯಿತು. ಇನ್ನೊಂದೂ ಮುಗಿಯಿತು.

“ಸರ, ನಿಮ್ಮ ಕೈ ಒಂದೀಟ ಕೊಡ್ರಿ” ಎಂದರು.