ಪೀರಾ ಸಾಬ್ ನೋಡಿದ ಏಳು ಬಾವಿ

ಪೀರಾ ಸಾಬರನ್ನು ನಾನು ಮೊದಲು ನೋಡಿದ್ದು 1977ರ ಜುಲೈ ತಿಂಗಳಲ್ಲಿ, ಚೀಕಲಪರ್ವಿಯ ಶಾಲೆಗೆ ಮಾಸ್ತರನಾಗಿ ಹಾಜರಾಗಲು ಹೋದ ದಿನ. ಮಾನ್ವಿಯಿಂದ ಬಂದ ಬಸ್ಸು ನನ್ನನ್ನು ಊರ ಹೊರಗೇ ಇಳಿಸಿ ಹೋಗಿತ್ತು. ಕೈಯಲ್ಲಿ ತಗಡಿನ ಪೆಟ್ಟಿಗೆ, ಬಗಲಲ್ಲಿ ಹಾಸಿಗೆಯ ಸುರುಳಿ. ಬೆಳಗಿನ ಮಳೆಗೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಭಾರವಾಗಿತ್ತು. ಊರಿನ ಮೊದಲ ಮನೆ ಇನ್ನೂ ಇಪ್ಪತ್ತು ಮಾರು ದೂರವಿರುವಾಗ ದಾರಿಯ ನಡುವೆ ನಿಂತಿದ್ದ ಒಬ್ಬರು ನನಗೆ ಅಂಗೈ ತೋರಿಸಿದರು. ನೀಲಿ ಚೌಕಳಿಯ ಲುಂಗಿ, ತೋಳಿಲ್ಲದ ಬನಿಯನ್, ಮಸಿ ಹಿಡಿದ ಬೆರಳುಗಳು. ಇನ್ನೊಂದು ಕೈಯಲ್ಲಿ ಕಂದು ಬಣ್ಣದ ನಾಯಿಯೊಂದನ್ನು ಹಗ್ಗ ಗಿಡ್ಡ ಮಾಡಿ ಹಿಡಿದಿದ್ದರು.

"ಅಲ್ಲೇ ನಿಂದ್ರ್ರಿ. ಆಕಿ ದಾಟಲಿ."

ಜಾಲಿ ಬೇಲಿಯಿಂದ ಒಂದು ಕೌಜುಗ ಹೊರಬಂತು. ಹಿಂದೆ ಹೆಬ್ಬೆರಳಿನಷ್ಟೇ ಇದ್ದ ಮರಿಗಳು ಸಾಲಾಗಿ ಓಡಿ ಆಚೆಯ ಹುಲ್ಲು ಸೇರಿದವು. ಅವರು ತುಟಿಯಲ್ಲೇ ಎಣಿಸಿದರು.

"ಎಂಟು. ನಿನ್ನಿ ಒಂಬತ್ತಿದ್ವು. ಮುಂಗಸಿ ಒಂದು ಒಯ್ದದ." ಆಮೇಲೆ ನನ್ನ ಪೆಟ್ಟಿಗೆ ನೋಡಿ, "ಹೊಸ ಮಾಸ್ತರ್ರೇನ್ರಿ? ಬರ್ರಿ, ಚಾ ಕುಡದು ಹೋಗ್ರಿ" ಎಂದರು.

ಅವರು ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ವಾರಕ್ಕೆ ಎರಡು ದಿನ ಸಂತೆಗಳಿಗೆ ಹೋಗುತ್ತಿದ್ದರು, ಉಳಿದ ದಿನ ಮನೆಯ ಮುಂದೆಯೇ ತಿದಿ ಊದುತ್ತಿದ್ದರು. ಹೆಂಡತಿ ಮಹಬೂಬೀ, ಮಕ್ಕಳಿಲ್ಲ. ನಾಯಿಯ ಹೆಸರು ಭೂರಾ. ಅದು ಹೊಸ್ತಿಲು ದಾಟುವಂತಿರಲಿಲ್ಲ. ತಿರುಗಾಡಿಸಿ ತಂದು ಕಟ್ಟಿದ ಮೇಲೆ ಪೀರಾ ಸಾಬರು ಅಂಗಳದಲ್ಲೇ ಕೈಕಾಲು ತೊಳೆದು, ಲುಂಗಿ ಬದಲಿಸಿ, ಆಮೇಲೆಯೇ ನಮಾಜಿಗೆ ನಿಲ್ಲುತ್ತಿದ್ದರು.

ನಮ್ಮೂರು ಯರಗೇರಾದ ಹತ್ತಿರ. ಮನೆಯಲ್ಲಿ ಬಿ.ಎ. ಮುಗಿಸಿದವನು ನಾನೇ ಮೊದಲು. ಹೊಲದಲ್ಲೇ ಬೆಳೆದಿದ್ದರೂ ಮಣ್ಣಿನ ಮೇಲಿನ ಹೆಜ್ಜೆ ಗುರುತಿಸಲು ಕಲಿತದ್ದು ಪೀರಾ ಸಾಬರಿಂದ. ಸಂಜೆ ಶಾಲೆ ಬಿಟ್ಟ ಮೇಲೆ ಅವರು, ಭೂರಾ, ನಾನು ಹೊಳೆಯ ಕಡೆ ಹೋಗುತ್ತಿದ್ದೆವು. ಜೋಳದ ಕೂಳೆಯಲ್ಲಿ ಮೊಲ ಏಳುತ್ತಿತ್ತು. ತುಂಗಭದ್ರೆಯ ಬಂಡೆಗಳ ಮೇಲೆ ನೀರುನಾಯಿಗಳು ಮೀನಿನ ತಲೆ ಕಡಿದು ತಿನ್ನುತ್ತಿದ್ದವು. ಮೊಸಳೆ ಬಿಸಿಲು ಕಾಯಿಸುವ ಮಡುವಿನ ಹತ್ತಿರ ಹಗ್ಗ ಮತ್ತೆ ಗಿಡ್ಡವಾಗುತ್ತಿತ್ತು. ಮನೆಯ ಕಟ್ಟಿಗೆ ರಾಶಿಯಲ್ಲೇ ಒಂದು ಮುಂಗುಸಿ ಸಂಸಾರ ಹೂಡಿತ್ತು. ಕೋಳಿಮೊಟ್ಟೆ ಮಾಯವಾದಾಗಲೆಲ್ಲ ಮಹಬೂಬೀ, "ಇದರ ತವರಮನಿ ಆಗೇದ್ರಿ ನಮ್ಮನಿ" ಎಂದು ಬೈಯುತ್ತಿದ್ದರು.

ಪಕ್ಕದ ಮನೆಯ ಯಂಕೋಬ ಕುರಿ ಕಾಯುವವನು. ದಿನವೂ ಅವನದೊಂದು ಮಾತು ಇರಬೇಕು.

"ಏನ್ ಪೀರಣ್ಣ, ಹೆಂಡ್ತಿಗಿಂತ ನಾಯಿ ಜೋಡಿನ ಭಾಳ ತಿರಗಾಕತ್ತಿ!"

"ನಾಯಿ ಸುಮ್ನ ಬರ್ತದೋ. ಆಕಿ ಸೀರಿ ಕೇಳ್ತಾಳ."

ಒಳಗಿನಿಂದ ಮಹಬೂಬೀ, "ಕೇಳಿ ಹತ್ತು ವರ್ಷಾತು, ಯಾವಾಗ ಕೊಡಿಸ್ಯಾನ ಕೇಳೋ ಯಂಕೋಬ" ಎನ್ನುತ್ತಿದ್ದರು.

1979ರ ಜನವರಿಯ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಒಂದು ನರಿ ದಾರಿಯಲ್ಲಿ ಎದುರಿಗೆ ಬಂತು. ನರಿ ಮನುಷ್ಯರನ್ನು ಕಂಡರೆ ಓರೆಯಾಗಿ ಸರಿದುಹೋಗುತ್ತದೆ. ಇದು ನೇರ ನಮ್ಮ ಕಡೆಗೇ ತೂರಾಡುತ್ತ ನಡೆದು ಬಂತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಪೀರಾ ಸಾಬರು, "ನೀರಡಿಸೇದ ಏನೋ" ಎನ್ನುವಷ್ಟರಲ್ಲಿ ಭೂರಾ ಹಗ್ಗ ಕಿತ್ತುಕೊಂಡು ಅದರ ಮೇಲೆ ಬಿತ್ತು. ನರಿಯನ್ನು ಕೊಂದೇ ಬಿಟ್ಟಿತು. ಆದರೆ ಭೂರಾನ ಮೂಗಿನ ಮೇಲೆ ಎರಡು ಹಲ್ಲಿನ ಗಾಯವಾಗಿತ್ತು.

ಯಂಕೋಬ ಬಂದು ನರಿಯನ್ನು ನೋಡಿದ. ಅವತ್ತು ಚೇಷ್ಟೆ ಮಾಡಲಿಲ್ಲ.

"ಇದು ಹುಚ್ಚು ನರಿ, ಪೀರಣ್ಣ. ನಾಯೀನ ಇಟ್ಕೋಬ್ಯಾಡ. ನಿನ್ನ ಕೈಲಿ ಆಗಲ್ಲಂದ್ರ ನಾನು ಹೊಡಿತೀನಿ."

"ಅಮಾಸಿ ತನಕ ಕಟ್ಟಿ ಹಾಕ್ತೀನಿ. ಅಮಾಸಿ ದಾಟಿದ್ರ ಏನೂ ಆಗಂಗಿಲ್ಲ."

ಹುಚ್ಚು ಅಮಾವಾಸ್ಯೆಗೆ ಏರುತ್ತದೆ, ಅಂದು ಏರದಿದ್ದರೆ ಮುಂದೆ ಭಯವಿಲ್ಲ ಎಂಬುದು ಆ ಕಡೆಯವರ ನಂಬಿಕೆ. ಪೀರಾ ಸಾಬರು ಸರಪಳಿ ತಂದು ಬೇವಿನ ಮರಕ್ಕೆ ಕಟ್ಟಿದರು. ಅಮಾವಾಸ್ಯೆ ಬಂತು, ಹೋಯಿತು. ಭೂರಾ ರೊಟ್ಟಿ ತಿಂದಿತು, ಬಾಲ ಆಡಿಸಿತು. ಮರುದಿನ ಸರಪಳಿ ಬಿಚ್ಚಿದರು. ನನಗೂ ಸಮಾಧಾನವಾಯಿತು.

ಫೆಬ್ರವರಿ ಕೊನೆಗೆ ಭೂರಾ ಕಟ್ಟಿಗೆಯ ಹಿಂದೆ ಸೇರಿಕೊಂಡು ಕರೆದರೂ ಬರದಾಯಿತು. ಮಹಬೂಬೀ ರೊಟ್ಟಿ ಇಡಲು ಬಗ್ಗಿದಾಗ ಕೈಗೆ ಬಾಯಿ ಹಾಕಿತು. ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗಾಯ, ಅಷ್ಟೇ. ಭೂರಾ ಹೊಳೆಯ ಕಡೆ ಓಡಿತು. ಕುರಿಯವರು ಅದನ್ನು ಅಲ್ಲೇ ಹೊಡೆದು ಹಾಕಿದರು.

ನಾಯಿ ಕಚ್ಚಿದವರು ಸೂರ್ಯ ಮುಳುಗುವುದರೊಳಗೆ ಏಳು ಬಾವಿಗಳಲ್ಲಿ ತಮ್ಮ ಮುಖ ನೋಡಿಕೊಳ್ಳಬೇಕು, ಹಾಗೆ ಮಾಡಿದರೆ ವಿಷ ಇಳಿಯುತ್ತದೆ ಎನ್ನುತ್ತಿದ್ದರು. ಊರಲ್ಲಿ ನೀರಿದ್ದ ಬಾವಿಗಳು ನಾಲ್ಕೇ. ಉಳಿದ ಮೂರಕ್ಕೆ ಗಂಡ ಹೆಂಡತಿ ಇಬ್ಬರೂ ಹೊಲಗಳ ಕಡೆ ಹೋಗಿ ಬಂದರು. ಅವರು ತಿರುಗಿ ಬರುವಾಗ ನಾನು ಎದುರಾದೆ. ಮಹಬೂಬೀ ಬಟ್ಟೆ ಸುತ್ತಿದ ಕೈ ಎತ್ತಿ ನಕ್ಕರು.

"ಮಾಸ್ತರ್ರ, ಏಳು ಬಾವ್ಯಾಗ ಮಾರಿ ನೋಡ್ಕೊಂಡೀನಿ. ಮದಿವ್ಯಾಗ ಸೈತ ಇಷ್ಟು ಸಲ ನೋಡ್ಕೊಂಡಿದ್ದಿಲ್ಲ."

"ರಾಯಚೂರಿಗೆ ಹೋಗ್ರಿ, ಯವ್ವಾ. ದೊಡ್ಡ ದವಾಖಾನಿಯಾಗ ಸೂಜಿ ಹಾಕ್ತಾರ. ಹದಿನಾಕು ದಿನ."

"ಎಲ್ಲಿ ಹಾಕ್ತಾರ?"

"ಹೊಟ್ಟಿಗಿ."

ಅವರ ಮುಖ ಬದಲಾಯಿತು. "ತೋಬಾ! ಪರಾಯಿ ಗಂಡಸಿಗೆ ಹೊಟ್ಟಿ ತೋರಿಸ್ಲೇನು? ಅದೂ ಹದಿನಾಕು ದಿನ?"

ಪೀರಾ ಸಾಬರು, "ಏಳೂ ಬಾವಿ ಆಗ್ಯಾವ್ರಿ ಮಾಸ್ತರ್ರ. ಅಂಜಬ್ಯಾಡ್ರಿ" ಎಂದು ನನಗೇ ಧೈರ್ಯ ಹೇಳಿದರು. ಮರುದಿನ ಇನ್ನೊಮ್ಮೆ ಹೋಗಿ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಏಳನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು, ಗಾಯವೂ ಮಾಯ್ದಿತ್ತು.

ಏಪ್ರಿಲ್ ಎರಡನೆಯ ವಾರ ಮಾಯ್ದ ಜಾಗ ಜುಮುಜುಮು ಎನ್ನತೊಡಗಿತು. ಎರಡು ದಿನದ ನಂತರ ಮಹಬೂಬೀಗೆ ನೀರು ಕುಡಿಯಲು ಆಗಲಿಲ್ಲ. ಲೋಟ ತುಟಿಯ ಹತ್ತಿರ ಬಂದರೆ ಗಂಟಲು ಸೆಟೆದುಕೊಳ್ಳುತ್ತಿತ್ತು. ರಾಯಚೂರಿಗೆ ಒಯ್ದೆವು. ಬಸ್ಸಿನ ಕಿಟಕಿಯ ಗಾಳಿಯನ್ನೂ ಅವರು ತಾಳಲಾರದೆ ಹೋದರು. ಪೀರಾ ಸಾಬರು ದಾರಿಯುದ್ದಕ್ಕೂ ತಮ್ಮ ಟವೆಲನ್ನು ಕಿಟಕಿಗೆ ಅಡ್ಡ ಹಿಡಿದು ಕುಳಿತಿದ್ದರು. ಡಾಕ್ಟರು ಕೇಳಿದ್ದು ಒಂದೇ ಮಾತು: ಕಚ್ಚಿ ಎಷ್ಟು ದಿನವಾಯಿತು? ಪೀರಾ ಸಾಬರು ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಮೂರನೆಯ ದಿನ ಮಹಬೂಬೀ ತೀರಿಕೊಂಡರು.

ಆಮೇಲೆ ಪೀರಾ ಸಾಬರು ಹೊಳೆಯ ಕಡೆ ಹೋಗುವುದನ್ನು ಬಿಟ್ಟರು. ತಿದಿಯನ್ನು ಅಟ್ಟಕ್ಕೆ ಎತ್ತಿಟ್ಟರು. ಮುಂಗುಸಿ ಅಂಗಳದಲ್ಲಿ ಹಾಡಹಗಲೇ ಓಡಾಡುತ್ತಿತ್ತು, ಬೈಯುವವರಿರಲಿಲ್ಲ. ನಾನು ಹೋಗಿ ಕುಳಿತರೆ ಚಹಾ ಕಾಸಿ ಕೊಡುತ್ತಿದ್ದರು. ಒಂದು ಸಲ, "ಯಂಕೋಬ ಹೊಡಿತೀನಿ ಅಂದಿದ್ದ" ಎಂದರು.

ಎರಡು ವರ್ಷ ಹೀಗೆ ಹೋಯಿತು. 1981ರ ಬೇಸಿಗೆಯಲ್ಲಿ ಯಂಕೋಬನ ಹೆಂಡತಿ ಯಮನಮ್ಮಳಿಗೆ ಕುರಿಹಟ್ಟಿಯ ಹತ್ತಿರ ಯಾವುದೋ ನಾಯಿ ಮೀನಖಂಡಕ್ಕೆ ಕಚ್ಚಿತು. ಯಂಕೋಬ ಅವಳನ್ನು ಕರೆದುಕೊಂಡು ಊರ ಬಾವಿಗೆ ಬಂದ. ಸುದ್ದಿ ಕೇಳಿ ಪೀರಾ ಸಾಬರು ಬರಿಗಾಲಲ್ಲೇ ಓಡಿಬಂದು ಬಾವಿಯ ಕಟ್ಟೆಗೆ ಅಡ್ಡ ನಿಂತರು.

"ಆಚೀಗಿ ಸರಿ ಪೀರಣ್ಣ, ಹೊತ್ತು ಮುಳುಗ್ತದ."

"ಬಾವ್ಯಾಗ ಏನೂ ಇಲ್ಲೋ, ಯಂಕೋಬ. ನಾ ಏಳೂ ನೋಡೀನಿ."

ಯಂಕೋಬ ಜಗಳಕ್ಕೆ ನಿಂತ, ತಳ್ಳಿದ. ಪೀರಾ ಸಾಬರು ಕಟ್ಟೆ ಬಿಡಲಿಲ್ಲ. ಕೊನೆಗೆ ಯಮನಮ್ಮಳೇ, "ನಡೀರಿ ಯಣ್ಣಾ, ನಾ ಬರ್ತೀನಿ. ನನಗ ಸಾಯಾದು ಬ್ಯಾಡ" ಎಂದಳು. ಮರುದಿನ ಮೊದಲ ಬಸ್ಸಿಗೆ ಮೂವರೂ ರಾಯಚೂರಿಗೆ ಹೋದರು. ಯಂಕೋಬ ಕುರಿಗಳಿಗಾಗಿ ತಿರುಗಿ ಬಂದ. ಪೀರಾ ಸಾಬರು ಅಲ್ಲೇ ಉಳಿದು, ಹದಿನಾಲ್ಕೂ ದಿನ ಆಸ್ಪತ್ರೆಯ ಹೊರಗಿನ ಹುಣಸೆಮರದ ಕೆಳಗೆ ಮಲಗಿದರು. ಯಮನಮ್ಮ ಬದುಕಿದಳು.

ನನಗೆ ದೇವದುರ್ಗಕ್ಕೆ ವರ್ಗವಾಗಿ ಐದು ವರ್ಷವಾಯಿತು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ. ಪೀರಾ ಸಾಬರಿಗೆ ಈಗ ಅರವತ್ತರ ಮೇಲಾಗಿದೆ. ಮತ್ತೆ ನಾಯಿ ಸಾಕಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ನಾಯಿಯೋ ನರಿಯೋ ಕಚ್ಚಿದರೆ ಅವರನ್ನು ಮೊದಲ ಬಸ್ಸಿಗೆ ರಾಯಚೂರಿಗೆ ಕರೆದೊಯ್ಯುತ್ತಾರೆ, ಸೂಜಿ ಮುಗಿಯುವ ತನಕ ಅವರೊಂದಿಗೇ ಇರುತ್ತಾರೆ.