ನಿನ್ನೆಯ ಕುಳಿ ಎಲ್ಲಿತ್ತು?

ಹಕ್ಕಿಗಳು ಇನ್ನೂ ಬಾಯಿ ಬಿಟ್ಟಿಲ್ಲ. ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿದೆ. ಆ ಇಬ್ಬನಿಯ ನಡುವೆ ನಡುವಯಸ್ಸಿನ ಹೆಂಗಸೊಬ್ಬರು ಬರಿಗಾಲಲ್ಲಿ ನಡೆಯುತ್ತಾರೆ. ಕೈಯಲ್ಲಿ ಎರಡಾಳುದ್ದದ ಬಳುಕುವ ಕೋಲು. ಅದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹುಲ್ಲಿಗೆ ತಾಗಿಯೂ ತಾಗದಂತೆ ಬೀಸುತ್ತಾರೆ. ಬೀಸಿದ ಕಡೆಯೆಲ್ಲ ಹನಿ ಉದುರಿ ಹುಲ್ಲು ಹಸಿರಾಗಿ ಕಣ್ಣು ಬಿಡುತ್ತದೆ. ದೂರದಿಂದ ನೋಡಿದವರು, ಪಾಪ, ಯಾರೋ ಇಲ್ಲದ ದನಗಳನ್ನು ಅಟ್ಟುತ್ತಿದ್ದಾರೆ ಎಂದುಕೊಂಡಾರು.

ಕೋಲು ಕೆಳಗಿಟ್ಟು ಅವರು ಪಾದದಿಂದ ನೆಲವನ್ನು ಒತ್ತಿ ಒತ್ತಿ ನೋಡುತ್ತಾರೆ. ಒಂದು ಕಡೆ ನಿಲ್ಲುತ್ತಾರೆ. ಮಂಡಿಯೂರಿ ಅಂಗೈ ಆಡಿಸುತ್ತಾರೆ. ಆಮೇಲೆ ಎರಡು ಹಿಡಿಯ ಉಕ್ಕಿನ ಕೊಳವೆಯನ್ನು ಅಲ್ಲಿ ಊರಿ, ಮೈಭಾರವೆಲ್ಲ ಹಾಕಿ ತಿರುಚಿ ಮೇಲಕ್ಕೆಳೆದರೆ, ತಲೆಯ ಮೇಲೆ ಹುಲ್ಲು ಹೊತ್ತ ಮಣ್ಣಿನ ಬಿರಡೆಯೊಂದು ಇಡಿಯಾಗಿ ಎದ್ದು ಬರುತ್ತದೆ. ಅದು ಬಿಟ್ಟುಹೋದ ಜಾಗವೇ ಇವತ್ತಿನ ಕುಳಿ. ಅದರೊಳಗೆ ಬಟ್ಟಲು ಕೂರಿಸಿ, ಬಾವುಟ ನೆಟ್ಟು, ಬಿರಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿನ್ನೆಯ ಕುಳಿಯ ಬಳಿಗೆ ಹೋಗುತ್ತಾರೆ. ಅದನ್ನು ಅಲ್ಲಿ ಇಳಿಸಿ, ಹಿಮ್ಮಡಿಯಿಂದ ಅದುಮಿ, ನೀರು ಚಿಮುಕಿಸಿ, ಮಗುವಿನ ತಲೆ ಸವರಿದಂತೆ ಸವರುತ್ತಾರೆ.

"ಹೊಸಾದನ್ನ ಕೊರೆಯೋದು ಏನ್ ಮಹಾ, ತೋಳಲ್ಲಿ ಬಲ ಇದ್ರೆ ಯಾರಾದ್ರೂ ಮಾಡ್ತಾರೆ. ಹಳೇದನ್ನ ಮುಚ್ಚೋದಿದೆಯಲ್ಲ, ಅದೇ ನಿಜವಾದ ಕೆಲಸ" ಎನ್ನುತ್ತಾರೆ.

ಮೈದಾನದಲ್ಲಿ ಎಲ್ಲರಿಗೂ ಅವರು 'ಕುಳಿಯಕ್ಕ'. ಸಂಬಳ ಕೊಡುವ ಗುಮಾಸ್ತರೂ ಹಾಗೆಯೇ ಕೂಗುತ್ತಾರೆ. ಆಟಗಾರರಿಗೆ ಮಾತ್ರ ಅವರು ಯಾರೆಂದೇ ಗೊತ್ತಿಲ್ಲ. ಕುಳಿ ಪ್ರತಿದಿನ ಜಾಗ ಬದಲಿಸುತ್ತದೆ ಎಂಬುದೂ ಎಷ್ಟೋ ಜನರ ಗಮನಕ್ಕೆ ಬಂದಿರಲಿಕ್ಕಿಲ್ಲ. ಎಲ್ಲರೂ ಒಂದೇ ಕುಳಿಯ ಸುತ್ತ ತುಳಿದಾಡಿದರೆ ಅಲ್ಲಿಯ ಹುಲ್ಲು ಬದುಕುವುದಿಲ್ಲ. ಅದಕ್ಕೇ ಹದಿನೆಂಟು ಗ್ರೀನುಗಳಲ್ಲಿ, ಎಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಗಳಲ್ಲಿ, ದಿನಾ ಬೆಳಿಗ್ಗೆ ಹದಿನೆಂಟು ಹೊಸ ಗಾಯ ಮಾಡಬೇಕು, ಹದಿನೆಂಟು ಹಳೆಯ ಗಾಯ ಮಾಯಿಸಬೇಕು. ಮೊದಲ ಆಟಗಾರ ಆಕಳಿಸುತ್ತ ಬರುವ ಹೊತ್ತಿಗೆ ಎಲ್ಲ ಮುಗಿದಿರಬೇಕು.

ಮೊದಲು ಅವರು ಇಲ್ಲಿ ಮರಳುಗುಂಡಿಗಳನ್ನು ಹರಗಿ ಸಮ ಮಾಡುತ್ತಿದ್ದರು. ಕುಳಿ ಕೊರೆಯುತ್ತಿದ್ದ ಹಿರಿಯರಿಗೆ ಬೆನ್ನು ಕೈಕೊಟ್ಟಾಗ ಕೊಳವೆ ಇವರ ಕೈಗೆ ಬಂತು. ಚಳಿಯಲ್ಲಿ ಕಾಲ್ಬೆರಳು ಸೆಟೆದುಕೊಳ್ಳುತ್ತದೆ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಆದರೂ ಬೂಟು ಹಾಕಲು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ನೆಲ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಹೇಳುವುದು ಪಾದವೇ ಅಂತೆ. ಒಮ್ಮೆ ಅವಸರದ ಆಟಗಾರನೊಬ್ಬ ಹೊಡೆದ ಚೆಂಡು ನೇರವಾಗಿ ಹೆಗಲಿಗೆ ಬಿತ್ತು. ಆತ ಏದುಸಿರು ಬಿಡುತ್ತ ಓಡಿ ಬಂದ. ಕ್ಷಮೆ ಕೇಳುತ್ತಾನೆ, ಪರವಾಗಿಲ್ಲ ಬಿಡಿ ಅನ್ನೋಣ ಎಂದು ಕುಳಿಯಕ್ಕ ಬಾಯಿ ತೆರೆದರೆ ಆತ ಕೇಳಿದ್ದು: "ಚೆಂಡು ಯಾವ ಕಡೆ ಹೋಯ್ತು?" ಇದನ್ನು ಹೇಳಿಕೊಂಡು ಅವರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆದರೆ ನಗಲಾಗದ ಒಂದು ದಿನವೂ ಇತ್ತು. ದೇಶದ ಕ್ರೀಡಾ ಸಂಘ ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಚಾಂಪಿಯನ್‌ಷಿಪ್ ನಡೆಸಲು ಯೋಗ್ಯವಾದ ಆರು ಮೈದಾನಗಳನ್ನು ಆರಿಸಿ, ಪರೀಕ್ಷಿಸಿ, ಒಂದರಿಂದ ಆರರವರೆಗೆ ಸಾಲಾಗಿ ನಿಲ್ಲಿಸುತ್ತದೆ. ಮೊದಲು ನಿಂತವರಿಗೆ ಪಂದ್ಯ, ಉಳಿದವರಿಗೆ ಉಪದೇಶ. ಗಾಳಿ ಆಟಗಾರರನ್ನು ಕಾಡುತ್ತದೆಯೇ, ಕೊನೆಯ ಕುಳಿ ಗೆಲ್ಲುವವನ ಎದೆಯನ್ನೂ ನಡುಗಿಸುತ್ತದೆಯೇ, ಜನ ನಿಲ್ಲಲು ಜಾಗವಿದೆಯೇ, ರಸ್ತೆ ಹೇಗಿದೆ, ಗ್ರೀನು ಹೇಗಿದೆ, ಎಲ್ಲವನ್ನೂ ನೋಡುತ್ತಾರೆ. ಕಳೆದ ಸಲ ಈ ಮೈದಾನ ಆರರಲ್ಲಿ ಆರನೆಯದಾಯಿತು. ತೀರ್ಪುಗಾರರು ಬರೆದ ಕಾರಣಗಳಲ್ಲಿ ಒಂದು ಸಾಲು ಹೀಗಿತ್ತು: 'ಹಳೆಯ ಕುಳಿಗಳ ಗುರುತು ಎದ್ದು ಕಾಣುತ್ತದೆ, ಗ್ರೀನುಗಳು ತೇಪೆ ಹಾಕಿದ ಬಟ್ಟೆಯಂತಿವೆ.'

ಕಚೇರಿಯವರು ಅದನ್ನು ಫಲಕಕ್ಕೆ ಅಂಟಿಸಿದ್ದರು. ಕುಳಿಯಕ್ಕ ನಿಂತು ಓದಿದರು. "ರಸ್ತೆ ಸರಿ ಇಲ್ಲ ಅಂದ್ರೆ ರಸ್ತೆ ಮಾಡಿದವರನ್ನ ಬೈಬಹುದು. ಇದಕ್ಕೆ ಯಾರ ಕಡೆ ಬೆರಳು ತೋರಿಸ್ಲಿ? ಕೊರೆಯೋಳೂ ನಾನೇ, ಮುಚ್ಚೋಳೂ ನಾನೇ" ಎನ್ನುವಾಗ ಇಂದಿಗೂ ಅವರ ಮುಖ ಸಣ್ಣದಾಗುತ್ತದೆ. ಮುಂದಿನ ಸಲ ತೀರ್ಪುಗಾರರು ಬಂದಾಗ ಈ ಸಾಲು ಬರೆಯಲು ಅವರ ಪೆನ್ನು ಏಳಬಾರದು. ಅಷ್ಟೇ ಅವರ ಹಟ.

ಹಟ ಹಿಡಿದದ್ದಾಯಿತು, ದಾರಿ ಕಾಣಲಿಲ್ಲ. ಬಿರಡೆಯನ್ನು ಇನ್ನಷ್ಟು ಅದುಮಿದರು, ನೀರು ಹೆಚ್ಚಿಸಿದರು, ಮಟ್ಟಗೋಲಿಟ್ಟು ಕೂದಲೆಳೆಯಷ್ಟೂ ಏರುಪೇರಿಲ್ಲದಂತೆ ಮಾಡಿದರು. ನಡುಹಗಲಲ್ಲಿ ಎಲ್ಲ ಚೆನ್ನ. ಬೆಳಿಗ್ಗೆ, ಸಂಜೆ ಬಿಸಿಲು ಓರೆಯಾದರೆ ಸಾಕು, ಬಿರಡೆ ಮುಚ್ಚಿದಲ್ಲೆಲ್ಲ ನಾಣ್ಯ ಚೆಲ್ಲಿದಂತೆ ಕಪ್ಪು ಕಪ್ಪು ಗುರುತು. ಮೈದಾನದ ಸೂಪರ್‌ವೈಸರ್ ಒಳ್ಳೆಯ ಮನುಷ್ಯರು, ಹುಲ್ಲಿನ ಬಗ್ಗೆ ಓದಿಕೊಂಡವರು. ಏನೋ ರೋಗ ತಗುಲಿರಬೇಕೆಂದು ಔಷಧಿ ಹೊಡೆಸಿದರು. ನಾಣ್ಯಗಳು ಮಿಸುಕಾಡಲಿಲ್ಲ.

ಉತ್ತರ ಸಿಕ್ಕಿದ್ದು ಮನೆಯಿಂದ. ಕುಳಿಯಕ್ಕನ ಗಂಡ ರಫು ಹಾಕುವವರು. ಹುಳ ತಿಂದ ಶಾಲು, ಸಿಗರೇಟು ಸುಟ್ಟ ಕೋಟು, ಮೊಳೆಗೆ ಸಿಕ್ಕಿ ಹರಿದ ಮಖಮಲ್ಲು, ಏನು ಬಂದರೂ ಎಳೆಗೆ ಎಳೆ ಸೇರಿಸಿ ಹರಿದದ್ದೇ ಸುಳ್ಳು ಎನ್ನುವಂತೆ ಮಾಡಿಕೊಡುತ್ತಾರೆ. ಬೀದಿಗೆ ಮುಖ ಮಾಡಿದ ಪುಟ್ಟ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ. ಆಟ ಇಲ್ಲದ ಒಂದು ದಿನ ಕೆಲಸಗಾರರ ಮನೆಯವರಿಗೆ ಮೈದಾನ ನೋಡಲು ಬಿಟ್ಟಿದ್ದರು. ಗಂಡ ಸಂಜೆ ಬಂದರು. ಎಲ್ಲರೂ ಮರ ನೋಡಿದರು, ಕೊಳ ನೋಡಿದರು. ಇವರು ಮಾತ್ರ ಕೈ ಹಿಂದೆ ಕಟ್ಟಿ, ಗಿರಾಕಿ ತಂದ ಕೋಟು ನೋಡುವ ಹಾಗೆ, ಗ್ರೀನನ್ನೇ ನೋಡುತ್ತ ನಿಂತರು.

"ಯಾಕೇ, ಇದನ್ನ ಉಲ್ಟಾ ಕೂರಿಸಿದ್ದೀಯ?"

"ಯಾವುದನ್ನ?"

"ಈ ತೇಪೆನ. ಮಖಮಲ್ಲಿನ ತುಂಡು ಅಡ್ಡ ಇಟ್ಟು ಹೊಲಿದ್ರೆ ಹೀಗೇ ಕಪ್ಪಗೆ ಕಾಣೋದು."

"ಇದು ಹುಲ್ಲು ರೀ, ನಿಮ್ಮ ಕೋಟಲ್ಲ!"

ಅವರು ವಾದಕ್ಕಿಳಿಯಲಿಲ್ಲ. ಕೂತು, ಹೆಂಡತಿಯ ಅಂಗೈ ಹಿಡಿದು ಹುಲ್ಲಿನ ಮೇಲೆ ಆಡಿಸಿದರು. ಗ್ರೀನಿನ ಹುಲ್ಲೆಲ್ಲ ಕೊಳದ ಕಡೆಗೆ ತಲೆ ಬಾಗಿಸಿ ಮಲಗಿತ್ತು. ಕೈ ಜಾರಿಕೊಂಡು ಹೋಯಿತು. ಬಿರಡೆಯ ಮೇಲೆ ಬಂದೊಡನೆ ಹುಲ್ಲು ಎದುರು ನಿಂತು ಚುಚ್ಚಿತು. ಇಷ್ಟು ವರ್ಷವೂ ಕುಳಿಯಕ್ಕ ಬಿರಡೆಯನ್ನು ಹೊತ್ತು ತರುವಾಗ ಅದು ಕೈಯಲ್ಲಿ ಯಾವ ಕಡೆ ತಿರುಗಿತೋ ಹಾಗೇ ಇಳಿಸಿಬಿಡುತ್ತಿದ್ದರು. ದುಂಡಗಿರುವುದಕ್ಕೆ ಎತ್ತ ಇಟ್ಟರೇನು ಎಂದು ಅವರಿಗೆ ಕಲಿಸಿದ ಹಿರಿಯರೂ ನಂಬಿದ್ದರು, ಇವರೂ ನಂಬಿದ್ದರು. ಕುಳಿಯಕ್ಕ ಅಲ್ಲೇ ಕುಸಿದು ಕೂತರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ವಿಷಯ ತಿಳಿದ ಅತ್ತೆ, "ನನ್ನ ಮಗ ಕೊನೆಗೆ ಭೂಮಿಗೂ ರಫು ಹಾಕ್ದ ಅನ್ನು!" ಎಂದು ಬೀಗಿದರು. ಸೂಪರ್‌ವೈಸರ್ ಕೇಳಿ ಹಣೆ ಚಚ್ಚಿಕೊಂಡರು, "ಅಕ್ಕ, ನಾನು ಇದಕ್ಕೆ ಔಷಧಿ ಹೊಡೆಸಿದೆನಲ್ಲ!" ಎಂದು ತಾವೇ ಮೊದಲು ನಕ್ಕರು.

ಅಂದಿನಿಂದ ಕುಳಿಯಕ್ಕನ ಜೇಬಿಗೆ ಬೆಂಕಿಕಡ್ಡಿ ಬಂತು. ಬಿರಡೆ ಎತ್ತುವ ಮೊದಲು ಹುಲ್ಲು ಯಾವ ಕಡೆ ತಲೆ ಹಾಕಿದೆಯೋ ಆ ಅಂಚಿಗೆ ಒಂದು ಕಡ್ಡಿ ಚುಚ್ಚುತ್ತಾರೆ. ಹಳೆಯ ಕುಳಿಯ ಸುತ್ತಲಿನ ಹುಲ್ಲಿಗೆ ಕಡ್ಡಿಯ ದಿಕ್ಕನ್ನು ಹೊಂದಿಸಿ ಇಳಿಸುತ್ತಾರೆ. ಹೇಳಲು ಸುಲಭ. ಒಂದೇ ಗ್ರೀನಿನಲ್ಲಿ ಹುಲ್ಲು ಇಲ್ಲಿ ಕೊಳದ ಕಡೆ, ಅಲ್ಲಿ ಇಳಿಜಾರಿನ ಕಡೆ, ಮತ್ತೊಂದೆಡೆ ಯಾರ ಮಾತೂ ಕೇಳದೆ ತನಗೆ ಬೇಕಾದ ಕಡೆ ಬಾಗಿರುತ್ತದೆ. ಕೈ ಕುದುರಲು ಕಾಲ ಹಿಡಿಯಿತು. ನಾಣ್ಯಗಳು ಒಂದೊಂದಾಗಿ ಕರಗತೊಡಗಿದವು.

ತೀರ್ಪುಗಾರರು ಮತ್ತೆ ಬಂದರು. ಬಂದದ್ದು ಮುಂಜಾನೆಯೇ, ಓರೆ ಬಿಸಿಲು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ ಎಂದು ಅವರಿಗೂ ಗೊತ್ತು. ಕುಳಿಯಕ್ಕ ಅವರಿಗಿಂತ ಮುಂದೆ ಮುಂದೆ ಕೆಲಸ ಮುಗಿಸುತ್ತ ಹೋದರು. ಕೊಳದ ಪಕ್ಕದ ಗ್ರೀನಿನವರೆಗೆ ಎಲ್ಲ ಸಲೀಸು. ಅಲ್ಲಿ ಕೊಳವೆಯಿಂದ ಬಿರಡೆ ಹೊರಬಂದದ್ದೇ ತಡ, ಒಣಗಾಳಿಗೆ ಸೊರಗಿದ್ದ ಮಣ್ಣು ಕೈಯಲ್ಲೇ ಪುಡಿಯಾಯಿತು. ನಿನ್ನೆಯ ಕುಳಿ ಬಾಯಿ ತೆರೆದುಕೊಂಡಿದೆ, ಮುಚ್ಚಲು ಬಿರಡೆಯಿಲ್ಲ. ದಿಬ್ಬದ ಮೇಲೆ ತೀರ್ಪುಗಾರರ ಗಾಡಿ ಕಾಣಿಸಿತು.

"ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಯ್ತಲ್ಲ ಅನ್ನಿಸ್ತು" ಎನ್ನುತ್ತಾರೆ ಕುಳಿಯಕ್ಕ.

ಸಲಕರಣೆಯ ಕೊಟ್ಟಿಗೆಯ ಹಿಂದೆ ಅದೇ ಹುಲ್ಲು ಬೆಳೆಸುವ ಒಂದು ಮಡಿ ಇದೆ. ಬಿದ್ದಂಬೀಳ ಅಲ್ಲಿಗೆ ಓಡಿದರು, ಒಂದು ಬಿರಡೆ ಎತ್ತಿದರು, ಎದೆಗವಚಿಕೊಂಡು ವಾಪಸು ಓಡಿದರು. ಕುಳಿಯ ಮುಂದೆ ಮಂಡಿಯೂರಿದಾಗ ತಿಳಿಯಿತು: ಗಡಿಬಿಡಿಯಲ್ಲಿ ಕಡ್ಡಿ ಚುಚ್ಚುವುದನ್ನೇ ಮರೆತಿದ್ದಾರೆ. ಮಡಿಯ ಎಳೆ ಹುಲ್ಲು ಯಾವ ಕಡೆ ಬಾಗಿದೆಯೋ ಕಣ್ಣಿಗೆ ಗೊತ್ತಾಗದು. ಕೆಲಸ ಮಾಡಿ ಒರಟಾದ ಬೆರಳುಗಳಿಗೂ ಗೊತ್ತಾಗದು. ಆಗ ಗಂಡ ನೆನಪಾದರು. ಕಪ್ಪು ಮಖಮಲ್ಲಿನ ಎಳೆ ಕಾಣದಿದ್ದಾಗ ಅವರು ಬಟ್ಟೆಯನ್ನು ತುಟಿಯ ಮೇಲೆ ಎಳೆದು ನೋಡುತ್ತಾರೆ. ಕುಳಿಯಕ್ಕ ಬಿರಡೆಯನ್ನೆತ್ತಿ ತುಟಿಗೆ ತಾಗಿಸಿ ಮೆಲ್ಲನೆ ಸವರಿದರು. ಹೀಗೆ ಸವರಿದರೆ ಚುಚ್ಚಿತು. ತಿರುಗಿಸಿ ಸವರಿದರೆ ಜಾರಿತು. ಸಿಕ್ಕಿತು! ಇಳಿಸಿದರು, ಅದುಮಿದರು, ನೀರು ಚಿಮುಕಿಸಿ ಒದ್ದೆ ಒಂದೇ ಕಡೆ ಕಾಣದಂತೆ ಕೋಲಿನಿಂದ ಸುತ್ತ ಹರಡಿದರು, ಮರದ ಮರೆಗೆ ಸರಿದರು.

ತೀರ್ಪುಗಾರರು ಇಳಿದು ಬಂದು ಸುತ್ತಾಡಿದರು, ಬಗ್ಗಿದರು. ಅವರಲ್ಲೊಬ್ಬರಂತೂ ಬೋರಲು ಮಲಗಿ ಕೆನ್ನೆಯನ್ನು ಹುಲ್ಲಿಗೆ ಆನಿಸಿ ನೋಡಿದರು. ಕುಳಿಯಕ್ಕ ಮರದ ಮರೆಯಿಂದ ಇಣುಕುತ್ತಿದ್ದರು. ಕೊನೆಗೆ ಹಿರಿಯ ತೀರ್ಪುಗಾರರು ಕೇಳಿದರು: "ನಿನ್ನೆಯ ಕುಳಿ ಎಲ್ಲಿತ್ತು?"

ಸೂಪರ್‌ವೈಸರ್ ಅತ್ತಿತ್ತ ನೋಡಿ, "ಅಕ್ಕ, ಸ್ವಲ್ಪ ಬನ್ನಿ" ಎಂದು ಕೂಗಿದರು. ತುಟಿಯ ಮೇಲೆ ಮಣ್ಣು ಮೆತ್ತಿಕೊಂಡೇ ಕುಳಿಯಕ್ಕ ಬಂದರು. "ಇಲ್ಲೇ ಸಾರ್" ಎಂದು ಬೆರಳು ತೋರಿಸಿದರು. ಬಗ್ಗಿ ನೋಡಿದರು. "ಅಲ್ಲ, ಇಲ್ಲಿ..." ಎರಡು ಹೆಜ್ಜೆ ಸರಿದರು. ಮತ್ತೆ ಬಗ್ಗಿದರು. ಆಮೇಲೆ ನೆಟ್ಟಗೆ ನಿಂತು ಹೇಳಿದರು: "ಸಾರ್, ಈಗ ತಾನೇ ನನ್ನ ಕೈಯಾರೆ ಮುಚ್ಚಿದ್ದು. ನನಗೇ ಸಿಕ್ತಿಲ್ಲ!"

ಹಿರಿಯರು ಗಹಗಹಿಸಿ ನಕ್ಕರು. ಆಮೇಲೆ ಎಲ್ಲರೂ, ಸೂಪರ್‌ವೈಸರೂ ಸೇರಿ, ಮಂಡಿಯೂರಿ ಹುಡುಕಿದ್ದೇ ಹುಡುಕಿದ್ದು. ಯಾರಿಗೂ ಸಿಗಲಿಲ್ಲ. "ಸೋತೆ ತಾಯಿ, ನಡೀರಿ ಮುಂದಕ್ಕೆ ಹೋಗೋಣ" ಎಂದು ಹಿರಿಯರು ಪ್ಯಾಂಟಿನ ಮಣ್ಣು ಕೊಡವಿಕೊಂಡರು.

ಈ ಸಲದ ಪಟ್ಟಿ ಪ್ರಕಟವಾದಾಗ ಆರರಲ್ಲಿ ಆರನೆಯದಾಗಿದ್ದ ಮೈದಾನ ಮೊದಲನೆಯದು! ಕೊಟ್ಟಿಗೆಯಲ್ಲಿ ಕೇಕೆ ಮುಗಿಲು ಮುಟ್ಟಿತು. ಹುಲ್ಲು ಕತ್ತರಿಸುವವರು ಸಲಿಕೆಯವರನ್ನು ಎತ್ತಿ ಕುಣಿಸಿದರು, ಸಲಿಕೆಯವರು ಸೂಪರ್‌ವೈಸರರನ್ನು ಎತ್ತಿದರು. ಅವರು ಮೇಲಿನಿಂದಲೇ ಮೊಬೈಲ್ ನೋಡಿ ಓದಿದರು: ಗಾಳಿಗೆ ಹೊಗಳಿಕೆ, ಕೊನೆಯ ಕುಳಿಗೆ ಹೊಗಳಿಕೆ, ಹೊಸ ರಸ್ತೆಗೆ ಹೊಗಳಿಕೆ.

"ಗ್ರೀನ್ ಬಗ್ಗೆ ಏನಿದೆ ಸಾರ್?"

"ಚೆಂಡು ನೇರ ಉರುಳುತ್ತೆ ಅಂತಿದೆ ಅಕ್ಕ."

"ಹಳೇ ಹೋಲ್ ಬಗ್ಗೆ?"

ಅವರು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. "ಒಂದಕ್ಷರವೂ ಇಲ್ಲ."

ಹೊಸದಾಗಿ ಸೇರಿದ ತೋಟಗಾರನೊಬ್ಬ, "ಛೇ, ಅಕ್ಕನ ಕೆಲಸ ಬಿಟ್ಟೇಬಿಟ್ರಲ್ಲ" ಎಂದು ಮರುಗಿದ. ಕುಳಿಯಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ಒಂದಕ್ಷರವೂ ಇಲ್ಲ ಕಣೋ! ಒಂದಕ್ಷರವೂ ಇಲ್ಲ!" ಎಂದು ಕುಣಿದೇಬಿಟ್ಟರು. ಮನೆಯವರೆಗೂ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಹೋದರು. ಗಂಡ ಗಿರಾಕಿ ನಿಂತಿರುವಾಗಲೇ ಅಂಗಡಿಯ ಬಾಗಿಲೆಳೆದರು. ಅತ್ತೆ ಬೀದಿಯ ಒಂದು ಮನೆಯನ್ನೂ ಬಿಡದೆ ಸುದ್ದಿ ಮುಟ್ಟಿಸಿದರು.

ಬರುವ ವರ್ಷ ಚಾಂಪಿಯನ್‌ಷಿಪ್. ದೊಡ್ಡ ಪಂದ್ಯಕ್ಕೆ ಸಂಘ ತನ್ನದೇ ಕುಳಿಗಾರರನ್ನು ಕರೆತರುವುದು ರೂಢಿ. ಈ ಸಲ ಹಿರಿಯ ತೀರ್ಪುಗಾರರೇ ಹೇಳಿ ಕಳಿಸಿದ್ದಾರೆ: ಜಾಗ ತೋರಿಸುವುದು ನಾವು, ಕೊರೆದು ಮುಚ್ಚುವುದು ನಿಮ್ಮ ಅಕ್ಕ. ಬಹುಮಾನವಾಗಿ ಏನು ಬೇಕು ಎಂದು ಮೈದಾನದವರು ಕೇಳಿದಾಗ ಕುಳಿಯಕ್ಕ ಮೈದಾನದ ಲಾಂಛನವಿರುವ ಕೋಟು ಕೇಳಲಿಲ್ಲ, ಮುಂದಿನ ಸಾಲಿನ ಕುರ್ಚಿ ಕೇಳಲಿಲ್ಲ.

"ಕೊನೇ ದಿನ ಬೆಳಿಗ್ಗೆ, ಜನ ಬರೋಕೆ ಮುಂಚೆ, ಕೊನೇ ಗ್ರೀನಿಗೆ ನಮ್ಮನೆಯವರನ್ನ ಬಿಡಿ ಅಂದಿದ್ದೀನಿ. ಲೋಕವೆಲ್ಲ ಹೊಸ ಹೋಲ್ ನೋಡ್ಲಿ. ಇವರು ಕೂತು ಹಳೇದನ್ನ ಹುಡುಕ್ಲಿ. ತುಟಿ ಇಟ್ಟಾದ್ರೂ ಹುಡುಕ್ಲಿ" ಎಂದು ಮಣ್ಣಿನ ಕೈಯನ್ನು ಸೊಂಟದ ಮೇಲಿಟ್ಟು ನಿಲ್ಲುತ್ತಾರೆ. "ಸಿಗಲ್ಲ ಅವರಿಗೆ."