ಇನ್ನೂ ಸ್ವಲ್ಪ ಅಲ್ಲಾಡ್ತದೆ

ಕಳೆದ ಚಳಿಗಾಲದಲ್ಲಿ ಮಗಳ ಹೆಸರಿಗೆ ಒಂದು ದೊಡ್ಡ ಪಾರ್ಸೆಲ್ ಬಂತು. ಒಡೆದಾಗ ಹೊಸ ತಾಡಪತ್ರಿಯ ವಾಸನೆ, ರಬ್ಬರು ಮತ್ತು ಮೇಣ ಸೇರಿದಂಥ ಒಂದು ಘಾಟು, ಥಾಣೆಯ ನಮ್ಮ ಫ್ಲ್ಯಾಟಿನ ಹಾಲ್ ತುಂಬ ಹರಡಿತು. ಒಳಗಿದ್ದದ್ದು ಸೈಕಲ್ಲಿನ ಕ್ಯಾರಿಯರಿಗೆ ಎರಡೂ ಬದಿ ನೇತುಹಾಕುವ ಜೋಡಿ ಚೀಲ. ಅವಳೂ ಆಫೀಸಿನ ಅವಳ ಗೆಳತಿಯರೂ ಸೈಕಲ್ಲಿನಲ್ಲಿ ಪುಣೆ ದಾಟಿ ಸೊಲ್ಲಾಪುರದವರೆಗೆ ಹೋಗುವವರಿದ್ದರು. ಈಗಿನ ಚೀಲಗಳ ಕೊಕ್ಕೆಯನ್ನು ಕಂಬಿಗೆ ಒತ್ತಿದರೆ ಟಕ್ ಎಂದು ಕೂತುಬಿಡುತ್ತದೆ. ನಮಗೆ ಆಗ ಅಷ್ಟಕ್ಕೆ ಒಂದು ಇಡೀ ಮಳೆಗಾಲ ಬೇಕಾಗಿತ್ತು.

“ಪಪ್ಪಾ, ಜರಾ ದೇಖೋ ನಾ, ಹಿಲ್ತಾ ಹೈ ಕ್ಯಾ?” ಎಂದಳು ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. ಚೀಲ ಅಲ್ಲಾಡುತ್ತದೆಯೇ ನೋಡು ಎಂದು ಅವಳು ಕೇಳಿದ್ದು, ಅಷ್ಟೇ. ಚೀಲದ ಮೇಲಿಟ್ಟ ನನ್ನ ಕೈ ಅಲ್ಲೇ ನಿಂತುಬಿಟ್ಟಿತು...

ತೊಂಬತ್ತರ ದಶಕದಲ್ಲಿ ನಾವು ಡೊಂಬಿವಲಿಯ ಒಂದು ಚಾಳಿನಲ್ಲಿ, ಒಂದೊಂದೇ ಕೋಣೆಯ ಸಾಲುಮನೆಯಲ್ಲಿ, ಇದ್ದೆವು. ನಾವು ಉಡುಪಿ ಕಡೆಯವರು. ನನಗಿನ್ನೂ ಮದುವೆಯಾಗಿರಲಿಲ್ಲ, ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಪಕ್ಕದ ಖೋಲಿಯಲ್ಲಿ ವಿಜಾಪುರದ ಕಡೆಯ ಗಂಡ ಹೆಂಡತಿ ಇದ್ದರು. ಮಕ್ಕಳಿಲ್ಲದ ಅವರು ಇಡೀ ಚಾಳಿಗೆ ಕಾಕಾ, ಕಾಕು. ಕಾಕಾ ವಾಶಿಯ ದಾಣಾ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದರು. ಬೆಳಿಗ್ಗೆ ಶೀಳ್ ಫಾಟಾ ಮೇಲೆ ಹೋಗುವ ಮೊದಲ ಬಸ್ಸಿಗೆ ಹೊರಟರೆ ಸಂಜೆ ಬರುವಾಗ ಕಿವಿಯೊಳಗೆಲ್ಲ ಧಾನ್ಯದ ಧೂಳು ತುಂಬಿರುತ್ತಿತ್ತು. ಪ್ರಾಯ ಅರವತ್ತಕ್ಕೆ ಹತ್ತಿರ. ಕುತ್ತಿಗೆ ಮಾತ್ರ ಒನಕೆಯ ಹಾಗೆ ಗಟ್ಟಿ.

ಒಂದು ಮಾರ್ಚಿನಲ್ಲಿ ನಾನು ವರ್ಕ್‌ಶಾಪಿನ ಗೆಳೆಯರ ಜೊತೆ ಸೈಕಲ್ಲಿನಲ್ಲಿ ಗೋವಾಕ್ಕೆ ಹೋಗಿ ಬಂದೆ. ಬಿಸಿಲಿಗೆ ಕರ್ರಗಾಗಿ, ಕ್ಯಾರಿಯರಿಗೆ ಎರಡು ಚೀಲ ಕಟ್ಟಿಕೊಂಡು ಚಾಳಿನೊಳಗೆ ಬಂದಾಗ ಕಾಕಾ ನಲ್ಲಿಯ ಹತ್ತಿರ ನಿಂತಿದ್ದರು.

“ಏನ್ ತಮ್ಮಾ, ಇದರ ಮ್ಯಾಲ ಗೋವಾಕ್ಕ ಹೋಗಿ ಬಂದ್ಯಾ? ನಡುವಿಂದೆಲ್ಲಾ ನೋಡಿದ್ಯಾ?”

“ನೋಡದೆ ಮತ್ತೆ? ಸೈಕಲ್ಲಿನಲ್ಲಿ ನಿದ್ದೆ ಮಾಡ್ಲಿಕ್ಕೆ ಆಗ್ತದಾ ಕಾಕಾ?” ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಚೀಲಗಳನ್ನು ಮುಟ್ಟಿ ಮುಟ್ಟಿ ನೋಡಿದರು. “ಇದು ಹಸಿಬಿ ಅಲ್ಲೇನೋ!” ಎಂದರು. ಅವರ ಅಜ್ಜ ಎತ್ತಿನ ಬೆನ್ನ ಮೇಲೆ ಎರಡೂ ಕಡೆ ಇಳಿಬಿಟ್ಟು ಕಾಳು ಹೇರುತ್ತಿದ್ದ ಜೋಡಿ ಚೀಲಕ್ಕೆ ಹಸಿಬಿ ಎನ್ನುತ್ತಿದ್ದರಂತೆ. ಅದನ್ನು ನಾವು ಸೈಕಲ್ಲಿಗೆ ಹಾಕಿದ್ದೆವು, ಅಷ್ಟೇ ವ್ಯತ್ಯಾಸ.

ಆ ಸಂಜೆ ನಮ್ಮ ಖೋಲಿಯ ಹೊಸ್ತಿಲ ಮೇಲೆ ಕೂತು ಕಾಕಾ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು. “ಹುಡುಗಾಗಿದ್ದಾಗ ಬಂದಾಂವ ನಾ. ಊರಿಗೆ ಹೋಗೂದು ಬರೂದು ಎಲ್ಲಾ ರಾತ್ರಿ ಗಾಡಿಯಾಗ. ಕರ್ಜತ್‌ನ್ಯಾಗ ವಡಾಪಾವ್ ತಿಂದು ಕಣ್ಣ ಮುಚ್ಚಿದ್ರ, ಕುರ್ಡುವಾಡಿಯಾಗ ಚಾ ಚಾ ಅಂತ ಒದರಿದಾಗ ಎಚ್ಚರ. ಇಲ್ಲಿ ಕಣ್ಣ ಮುಚ್ಚೂವಾಗ ಭತ್ತ, ಅಲ್ಲಿ ಕಣ್ಣ ತೆರೆದ್ರ ಜ್ವಾಳ. ಜಲ್ಮೆಲ್ಲ ಜ್ವಾಳದ ಚೀಲ ಹೊತ್ತೇನಿ. ಆ ಜ್ವಾಳ ಎಲ್ಲಿಂದ ಸುರು ಆಗ್ತೈತಿ ಅಂತ ನೋಡಿಲ್ಲ ನೋಡು. ಒಮ್ಮೆ ಕಣ್ಣಾರೆ ನೋಡಬೇಕು.”

ಅವರ ಲೆಕ್ಕ ಹೀಗಿತ್ತು: ಮಳೆ ಮುಗಿದ ಮೇಲೆ ಹೊರಟು, ಊರಿನವರು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮುಟ್ಟಬೇಕು. ಆಗ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಕಾಕು ಮೊದಲು ಬೈದರು, ಆಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು: ಸೈಕಲ್ಲು, ಚೀಲ ಎರಡೂ ಸರಿಯಾಗಿವೆ ಎಂದು ಮಂಗಳೂರಿನ ತಮ್ಮ, ಅಂದರೆ ನಾನು, ಹೇಳಿದ ಮೇಲೆಯೇ ಹೊರಡಬೇಕು. ಅವರಿಗೆ ಉಡುಪಿಯೂ ಮಂಗಳೂರೇ. ಕಾಕಾ ಹ್ಞೂಂ ಎಂದರು. ಅಲ್ಲಿಗೆ ಕೀಲಿ ನನ್ನ ಕೈಗೆ ಬಂತು.

ಆ ಮಳೆಗಾಲದ ಭಾನುವಾರಗಳಷ್ಟು ಖುಷಿಯ ದಿನಗಳು ನನಗೆ ಕಡಿಮೆ. ಕಾಕಾ ಮಾರ್ಕೆಟ್ಟಿನಿಂದ ಹಳೆಯ ಲಾರಿಯ ತಾಡಪತ್ರಿ ತಂದರು. ಗೋಣಿ ಹೊಲಿಯುವ ದಬ್ಬಣದಲ್ಲಿ ಅವರೇ ಚೀಲ ಹೊಲಿದರು. ನಾನು ಸರಳು ಬಗ್ಗಿಸಿ ಅವರ ಹಳೆಯ ಸೈಕಲ್ಲಿಗೆ ಕ್ಯಾರಿಯರ್ ಮಾಡಿದೆ. ಮೊದಲ ಸಲ ಹಾಕಿ ಹತ್ತಿದರೆ ಪೆಡಲ್ ತುಳಿಯುವಾಗಲೆಲ್ಲ ಹಿಮ್ಮಡಿ ಚೀಲಕ್ಕೆ ಬಡಿಯಿತು. ಚೀಲವನ್ನು ಹಿಂದಕ್ಕೆ ಸರಿಸಿದೆವು. ಆಮೇಲೆ ತಗ್ಗಿನಲ್ಲಿ ಕೊಕ್ಕೆ ಹಾರಿತು. ಹಳೆಯ ಟ್ಯೂಬು ಸೀಳಿ ರಬ್ಬರ್ ಪಟ್ಟಿ ಮಾಡಿ, ಚೀಲದ ತಳವನ್ನು ಕೆಳಗಿನಿಂದ ಎಳೆದು ಕಟ್ಟಿದೆವು. ಚೀಲದ ಮೂಲೆ ಚಕ್ರದ ಕಡ್ಡಿಗೆ ತಾಗದ ಹಾಗೆ ಕ್ಯಾರಿಯರಿನ ಬದಿಗೆ ಒಂದು ಕಬ್ಬಿಣದ ಪಟ್ಟಿ ಇಳಿಸಿದೆ.

ಜಗಳವೂ ಆಗುತ್ತಿತ್ತು. ನಾನು ಭಾರವೆಲ್ಲ ಕೆಳಗಿರಬೇಕು ಎಂದರೆ ಅವರು ಮೇಲಿರಬೇಕು ಎನ್ನುತ್ತಿದ್ದರು. “ತಲಿ ಮ್ಯಾಲಿನ ಭಾರ ಎಂದಾದ್ರೂ ಬಿದ್ದದ್ದು ನೋಡಿಯೇನು?” ಎಂದು ನನಗೇ ಸವಾಲು. ಮಾತು ಕೇಳದೆ ಪಾತ್ರೆ ಪಡಗವನ್ನೆಲ್ಲ ಕ್ಯಾರಿಯರಿನ ಮೇಲೆ ಗೋಪುರ ಕಟ್ಟಿ, ಗಟಾರದ ಕಲ್ಲಿನ ಹತ್ತಿರ ಸೈಕಲ್ ಸಮೇತ ಅಡ್ಡ ಬಿದ್ದರು. ಚಾಳಿಗೆ ಚಾಳೇ ನಕ್ಕಿತು. ಅರವತ್ತಕ್ಕೆ ಅರಳು ಮರಳು ಎಂದು ಯಾರೋ ಗ್ಯಾಲರಿಯಿಂದ ಕೂಗಿದರು. ಕಾಕಾ ಎದ್ದು, ಮಂಡಿ ಒರೆಸಿಕೊಂಡು, ಏನೂ ಆಗದವರ ಹಾಗೆ ಪಾತ್ರೆಗಳನ್ನು ಚೀಲದ ತಳಕ್ಕೆ ತುಂಬತೊಡಗಿದರು.

ದಸರೆಯ ಹೊತ್ತಿಗೆ ಎಲ್ಲ ಸರಿಯಾಯಿತು. ಒಂದು ಭಾನುವಾರ ಬೆಳಿಗ್ಗೆ ನಾನೊಬ್ಬನೇ ಚೀಲ ಹಿಡಿದು ಅಲ್ಲಾಡಿಸಿದೆ. ಚೀಲದ ಜೊತೆ ಸೈಕಲ್ಲೇ ಅಲುಗಿತು, ಚೀಲ ಕ್ಯಾರಿಯರಿನಿಂದ ಕೂದಲಿನಷ್ಟೂ ಸರಿಯಲಿಲ್ಲ. ಕಾಕಾ ಬಂದ ಕೂಡಲೇ ಹೇಳಬೇಕು ಎಂದು ಕಾಯುತ್ತಿದ್ದೆ.

ಬಂದದ್ದು ಕಾಕು. ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಕಾಕಾ ಎದೆ ಹಿಡಿದುಕೊಂಡು ಕುಸಿದಿದ್ದರು. ರಾತ್ರಿ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಹೃದಯ ದುರ್ಬಲವಾಗಿದೆ, ಇನ್ನು ಭಾರ ಹೊರಬಾರದು, ದಣಿಯಬಾರದು ಎಂದಿದ್ದರಂತೆ. ಕಾಕುಗೆ ಅಳು ಒತ್ತಿ ಬಂದಿತ್ತು.

“ಬ್ಯಾಡ ಅನ್ನಬ್ಯಾಡ ತಮ್ಮಾ. ಬ್ಯಾಡ ಅಂದ್ರ ನಾಳೇನ ಹೊಂಟು ಬಿಡ್ತಾರ. ಇನ್ನೂ ಆಗಿಲ್ಲ ಅನ್ನು. ಅಷ್ಟು ಅನ್ನು ಸಾಕು.”

ನಾನು ಆಗಲಿ ಎಂದೆ. ಬೇರೆ ಏನು ಹೇಳಬಹುದಿತ್ತು? ಈಗಲೂ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಕಾಕಾ ಬಂದರು. ಮುಖ ಬಾಡಿತ್ತು, ಕಣ್ಣು ಮಾತ್ರ ಸೈಕಲ್ಲಿನ ಮೇಲೆ. ನಾನು ಚೀಲ ಹಿಡಿದು, ಅದು ಅಲ್ಲಾಡದಿದ್ದರೂ ನನ್ನ ಕೈಯನ್ನೇ ಅಲ್ಲಾಡಿಸಿ, “ಇನ್ನೂ ಸ್ವಲ್ಪ ಅಲ್ಲಾಡ್ತದೆ ಕಾಕಾ” ಎಂದೆ.

“ಹೌದೇನು? ಆತು. ಮುಂದಿನ ಐತವಾರ ನೋಡೂಣು” ಎಂದರು.

ಕಳ್ಳನಿಗೊಂದು ಪಿಳ್ಳೆ ನೆವ. ನನಗೆ ವಾರಕ್ಕೊಂದು ನೆವ ಸಿಕ್ಕಿತು. ಒಮ್ಮೆ ಕೊಕ್ಕೆ ಸವೆದಿದೆ ಎಂದೆ, ಒಮ್ಮೆ ಬಲಗಡೆ ಭಾರ ಜಾಸ್ತಿ ಎಂದೆ. ಬಾಯಿಮಾತು ಸಾಲದೆ ಹೋದಾಗ ಇನ್ನೂ ಕೆಳಗಿಳಿದೆ. ಕಾಕಾ ಚಹಾ ತರಲು ಒಳಗೆ ಹೋದಾಗ ಪಾನಾ ಹಾಕಿ ಕ್ಯಾರಿಯರಿನ ನಟ್ಟನ್ನು ನಾನೇ ಸಡಿಲ ಮಾಡುತ್ತಿದ್ದೆ. ಅವರು ಎರಡು ಲೋಟ ಹಿಡಿದು ಬಂದಾಗ ಚೀಲ ಹಿಡಿದು ಅಲ್ಲಾಡಿಸಿ ತೋರಿಸುತ್ತಿದ್ದೆ. ಬಿಗಿ ಮಾಡುವುದಕ್ಕೆ ಸಂಬಳ ತಿನ್ನುವವನು ನಾನು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ಅವರು ತಂದ ಚಹಾವನ್ನೂ ಕುಡಿಯುತ್ತಿದ್ದೆ... ಅದನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ಎಳ್ಳ ಅಮಾವಾಸ್ಯೆ ಕಳೆಯಿತು. ಬೇಸಿಗೆ ಬಂತು, ಮಳೆ ಬಂತು. ಕಾಕಾ ಮಾರ್ಕೆಟ್ಟಿನಲ್ಲಿ ಈಗ ಕೂತು ಚೀಲಗಳಿಗೆ ಗುರುತು ಹಾಕುವ ಕೆಲಸ ಮಾಡುತ್ತಿದ್ದರು. ಮತ್ತೆ ದಸರೆ ಬಂದಾಗ ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಚೀಲ ಹಾಕಿ ಅಂಗಳದಲ್ಲಿ ನಿಲ್ಲಿಸಿ ನನ್ನನ್ನು ಕರೆದರು. ಆ ದಿನ ಚಹಾ ತರಲು ಒಳಗೆ ಹೋಗಲಿಲ್ಲ. ಅಲ್ಲೇ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತರು. ನಾನು ಚೀಲ ಹಿಡಿದು ಅಲ್ಲಾಡಿಸಿದೆ. ಮಿಸುಕಲಿಲ್ಲ. ಎಲ್ಲ ನಟ್ಟುಗಳನ್ನೂ ಅವರು ಬಿಗಿ ಮಾಡಿಟ್ಟಿದ್ದರು. ನಾನು ಚೀಲವನ್ನು ಹಿಡಿದೇ ಇದ್ದೆ.

ಕಾಕಾ ನನ್ನ ಮುಖ ನೋಡಿದರು. ಆಮೇಲೆ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದ ಕಾಕುವನ್ನು ನೋಡಿದರು. ಮೆಲ್ಲಗೆ ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಇನ್ನೂ ಅಲ್ಲಾಡ್ತೈತಿ ಬಿಡು ತಮ್ಮಾ” ಎಂದರು.

ನಾನು ಹೇಳಬೇಕಾಗಿದ್ದ ಸುಳ್ಳನ್ನು ನನ್ನ ಬದಲು ಅವರೇ ಹೇಳಿದರು. ಬೈದಿದ್ದರೆ ಆಗುತ್ತಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಚೀಲ ಬಿಚ್ಚಿ ಒಳಗೆ ತೆಗೆದುಕೊಂಡು ಹೋದವರು ಮತ್ತೆ ಅದನ್ನು ಹೊರಗೆ ತರಲಿಲ್ಲ.

ಆ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಕಾ ಹೋಗಿಬಿಟ್ಟರು. ಊರಿನ ಮಣ್ಣಿನಲ್ಲೇ ಆಗಬೇಕು ಎಂದು ಕಾಕು ಹಟ ಹಿಡಿದರು. ಚಾಳಿನವರು ಸೇರಿ ಒಂದು ಟೆಂಪೋ ಗೊತ್ತು ಮಾಡಿದರು. ಕಾಕು, ಅವರ ತಮ್ಮ ಮತ್ತು ನಾನು ಹಿಂದೆ ಕೂತೆವು. ಕಾಕು ತಮ್ಮ ನಾಲ್ಕು ಸೀರೆಗಳನ್ನು ಕೈಗೆ ಸಿಕ್ಕ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಅದು ಆ ಹಸಿಬಿಯಾಗಿತ್ತು. ರಬ್ಬರ್ ಪಟ್ಟಿಗಳು ಹಾಗೇ ನೇತಾಡುತ್ತಿದ್ದವು.

ಖಂಡಾಲಾ ಘಾಟಿನ ತಿರುವುಗಳಲ್ಲಿ ಕಾಕಾ ಮಲಗಿದ್ದ ಹಲಗೆ ಆ ಕಡೆ ಈ ಕಡೆ ಜಾರತೊಡಗಿತು.

“ತಮ್ಮಾ, ಅಲ್ಲಾಡ್ತಾರ. ಒಂದೀಟು ಬಿಗಿ ಕಟ್ಟೋ” ಎಂದರು ಕಾಕು.

ಆ ಹೆಂಗಸಿನ ಮಾತಿಗೆ ಬೇರೆ ಯಾವ ಅರ್ಥವೂ ಇರಲಿಲ್ಲ. ನಾನು ಹಸಿಬಿಯ ರಬ್ಬರ್ ಪಟ್ಟಿಗಳನ್ನು ಬಿಚ್ಚಿದೆ. ಹಲಗೆಯನ್ನು ಟೆಂಪೋದ ಕಂಬಿಗೆ ಸೇರಿಸಿ ಎರಡೂ ಬದಿ ಎಳೆದು ಕಟ್ಟಿದೆ, ಕಾಕಾನ ಎದುರು ಎಂದೂ ಕಟ್ಟದಷ್ಟು ಬಿಗಿಯಾಗಿ. ಊರು ಮುಟ್ಟುವ ತನಕ ಅದು ಅಲ್ಲಾಡಲಿಲ್ಲ.

ಪುಣೆ ದಾಟಿದಾಗ ಬಿಸಿಲು ಏರಿತ್ತು. ಕಾಕು ಮುಖದ ಮೇಲೆ ಸೆರಗು ಎಳೆದುಕೊಂಡಿದ್ದರು, ಅವರ ತಮ್ಮ ತೂಕಡಿಸುತ್ತಿದ್ದ. ಹೊರಗೆ ನೋಡುತ್ತಿದ್ದವನು ನಾನೊಬ್ಬನೇ. ಭತ್ತದ ಗದ್ದೆಗಳು ಘಾಟಿಯ ಕೆಳಗೇ ಉಳಿದಿದ್ದವು. ಕಬ್ಬು ಬಂತು, ಉಳ್ಳಾಗಡ್ಡಿ ಬಂತು, ಬರೀ ಕಲ್ಲು ನೆಲ ಬಂತು. ಭಿಗವಣ ಸಮೀಪಿಸಿದಾಗ ಒಂದು ಬೇವಿನ ಮರ, ಅದರ ಪಕ್ಕ ಒಂದು ಬಾವಿ, ಬಾವಿಯ ಆಚೆ ತೆನೆ ಬಿಟ್ಟು ನಿಂತ ಬಿಳಿಜೋಳ. ಅಲ್ಲಿಂದ ಮುಂದೆ ಕಣ್ಣು ಹಾಯುವಷ್ಟೂ ಅದೇ. ಅಲ್ಲೇ ಶುರುವಾಗುತ್ತಿತ್ತು...

ಕಾಕಾ, ಜೋಳ ಬಂತು ನೋಡಿ. ಮಾತು ನಾಲಗೆಯ ತುದಿಗೆ ಬಂದಿತ್ತು. ಕಾಕುವಿನ ತಮ್ಮ ಎಚ್ಚರವಾಗಿ ನನ್ನನ್ನು ಹುಚ್ಚ ಎಂದುಕೊಂಡಾನು ಎಂದು ನಾಚಿ ನುಂಗಿಕೊಂಡೆ. ಇದ್ದಾಗ ಹೇಳಬೇಕಾದ್ದನ್ನು ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ.

ಮಣ್ಣು ಮುಗಿಸಿ ಹೊರಡುವಾಗ ಕಾಕು ನನ್ನ ಎರಡೂ ಕೈ ಹಿಡಿದುಕೊಂಡು, “ನಿನ್ನಿಂದ ನನಗ ಒಂದ್ ವರ್ಷ ಹೆಚ್ಚಿಗಿ ಸಿಕ್ರು ತಮ್ಮಾ” ಎಂದರು. ಅದು ನಿಜವೂ ಇರಬಹುದು. ಹೆಂಡತಿಗೆ ಈ ಕಥೆ ಹೇಳಿದಾಗ ಅವಳೂ ನೀವು ಮಾಡಿದ್ದೇ ಸರಿ ಎಂದಳು. ಆದರೆ ಆ ವರ್ಷ ಕಾಕುಗೆ ಸಿಕ್ಕಿದ್ದು. ಕಾಕಾನಿಗೆ ಏನು ಸಿಕ್ಕಿತು ಎಂದು ನಾನು ಕೇಳಿಕೊಂಡಾಗಲೆಲ್ಲ ಎಷ್ಟು ಒಳ್ಳೆಯ ಕಾರಣವೂ ಉಪಯೋಗಕ್ಕೆ ಬರುವುದಿಲ್ಲ. ಬೇಡ ಎಂದು ಎದುರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವರ ಆಸೆಯನ್ನು ನಾನು ಪಾನಾ ಹಿಡಿದು ವಾರ ವಾರ ಸಡಿಲ ಮಾಡಿದೆ. ಕಾಕು ಈಗ ಇಲ್ಲ. ಚಾಳೂ ಇಲ್ಲ, ಅದನ್ನು ಕೆಡವಿ ಟವರ್ ಕಟ್ಟಿದ್ದಾರೆ.

“ಪಪ್ಪಾ, ಬೋಲೋ ನಾ!” ಮಗಳು ಕಾಯುತ್ತಿದ್ದಳು. ಆ ಹೆದ್ದಾರಿಯ ಟ್ರಕ್ಕುಗಳು ಕಣ್ಣ ಮುಂದೆ ಹಾದವು. ಒಂದು ಮಾತು ಹೇಳಿದರೆ ಅವಳು ಮುಂದಿನ ವಾರಕ್ಕೆ ಹಾಕುತ್ತಿದ್ದಳು ಎನ್ನುವುದೂ ಗೊತ್ತಿತ್ತು. ಮತ್ತೊಮ್ಮೆ ಅಲ್ಲಾಡಿಸಿ ನೋಡಿ, “ಅಲ್ಲಾಡುವುದಿಲ್ಲ. ಹೋಗಿ ಬಾ” ಎಂದೆ. ಆಮೇಲೆ ಕಾಕಾನ ಕಥೆ ಹೇಳಿ, ಭಿಗವಣದ ಹತ್ತಿರ ಜೋಳ ಶುರುವಾಗುವಲ್ಲಿ ಒಂದು ಗಳಿಗೆ ಇಳಿದು ನಿಂತು ನೋಡು ಎಂದು ಕೇಳಿಕೊಂಡೆ.

ಹೊರಟ ಎರಡನೆಯ ದಿನ ಅಲ್ಲಿಂದ ಫೋನು ಬಂತು. ಗಾಳಿಯ ಸದ್ದು, ಲಾರಿಗಳ ಸದ್ದು, ನಡುವೆ ಅವಳ ದನಿ. ಬೇವಿನ ಮರ ಸಿಗಲಿಲ್ಲ, ರಸ್ತೆ ಅಗಲ ಮಾಡಿದ್ದಾರೆ ಎಂದಳು.

“ಪಪ್ಪಾ, ಇಧರ್ ತೋ ದೂರ್ ತಕ್ ಸಿರ್ಫ್ ಗನ್ನಾ ಹೈ” ಎಂದಳು. ದೂರದವರೆಗೂ ಬರೀ ಕಬ್ಬು. ನನಗೆ ಬೇಸರವಾದೀತು ಎಂದೇನೋ, ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು: “ಜೋಳ ಎಲ್ಲಿ, ಪಪ್ಪಾ?”